ಗ್ರಂಥಾಲಯದ ಬಾಗಿಲು ವಾದಕ್ಕೂ ತೆರೆಯಲಿ

ಸಾರ್ವಜನಿಕ ಗ್ರಂಥಾಲಯ ಇಲಾಖೆಯ ನಿರ್ದೇಶಕರಿಗೆ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ, ಹಾಗೂ ಈ ಊರಿನ ನನ್ನ ನೆರೆಹೊರೆಯವರಿಗೆ,

ನಮಸ್ಕಾರ.

ನಾನು ರಾಜಾಜಿನಗರದವಳು. ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನನ್ನ ಬೇಡಿಕೆ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಶಾಖಾ ಗ್ರಂಥಾಲಯಗಳಲ್ಲಿ ತಿಂಗಳಿಗೊಂದು ಭಾನುವಾರ, ಎರಡು ಗಂಟೆ ಹೊತ್ತು, ಜನ ಕೂತು ರಾಜಕೀಯ ಮಾತಾಡಲು ಜಾಗ ಕೊಡಿ. 'ಸಾಹಿತ್ಯ ಸಂವಾದ', 'ಚಿಂತನ ಕೂಟ' ಅಂತ ಸುತ್ತಿ ಬಳಸಿ ಬರೆಯಬಹುದಿತ್ತು. ಬೇಡ ಅನ್ನಿಸಿತು. ಜನರಿಗೆ ಮಾತಾಡಬೇಕಿರುವುದು ರಾಜಕೀಯವೇ. ಮೀಸಲಾತಿ, ಧರ್ಮ, ಭಾಷೆ, ಗ್ಯಾರಂಟಿ ಯೋಜನೆ, ಸುರಂಗ ರಸ್ತೆ, ಓಟು. ಇದನ್ನೆಲ್ಲ ಈಗ ಒಂದೋ ನಮ್ಮವರ ಜೊತೆ ಮಾತ್ರ ಮಾತಾಡುತ್ತಿದ್ದೇವೆ, ಇಲ್ಲ ಮೊಬೈಲಿನಲ್ಲಿ ಕಿತ್ತಾಡುತ್ತಿದ್ದೇವೆ.

ಕೆಲವು ವರ್ಷಗಳಿಂದ ನಮ್ಮ ಬೀದಿಯ ಒಂದು ಮನೆಯ ಮಹಡಿ ಮೇಲೆ ನಾವೊಂದಷ್ಟು ಜನ ತಿಂಗಳಿಗೊಮ್ಮೆ ಸೇರುತ್ತಿದ್ದೆವು. ಬೇರೆ ಬೇರೆ ಪಕ್ಷಕ್ಕೆ ಓಟು ಹಾಕುವವರು. ವಿದ್ಯುತ್ ಇಲಾಖೆಯಿಂದ ನಿವೃತ್ತರಾದ ಇಂಜಿನಿಯರ್ ಒಬ್ಬರು, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕ, ಪ್ರಾವಿಷನ್ ಸ್ಟೋರ್ ಇಟ್ಟಿರುವವರು, ಸಾಫ್ಟ್‌ವೇರ್ ಕಂಪನಿಯ ಇಬ್ಬರು ಹುಡುಗರು, ಆಟೋ ಓಡಿಸುವ ಒಬ್ಬರು. ಬಂದವರೆಲ್ಲ ನೆಲದ ಮೇಲೆ ಚಾಪೆ ಹಾಸಿ ಕೂರುತ್ತಿದ್ದರು. ಈಗ ಆ ಮಹಡಿ ಮೇಲೆ ಪಿಜಿ ರೂಮುಗಳು ಎದ್ದಿವೆ. ಮನೆಯವರನ್ನು ದೂರುವ ಹಾಗಿಲ್ಲ. ಇಷ್ಟು ದಿನ ಒಂದು ಪೈಸೆ ಕೇಳದೆ ಜಾಗ ಕೊಟ್ಟರು, ಮೇಲಿಂದ ಕಾಫಿಯನ್ನೂ ಕೊಟ್ಟರು.

ಬೇರೆ ಜಾಗ ಹುಡುಕಿದೆವು. ಬಡಾವಣೆ ಸಂಘದ ಹಾಲ್ ನಾಮಕರಣಕ್ಕೆ ಸಿಗುತ್ತದೆ, ಯೋಗಕ್ಕೆ ಸಿಗುತ್ತದೆ. 'ರಾಜಕೀಯ ಅಂದ್ರೆ ಬೇಡ' ಅಂದರು. ದರ್ಶಿನಿಯಲ್ಲಿ ನಿಂತುಕೊಂಡೇ ತಿಂದು ಹೊರಡಬೇಕು. ಪಾರ್ಕಿನಲ್ಲಿ ಕತ್ತಲಾಗುತ್ತಿದ್ದಂತೆ ಗೇಟು ಹಾಕುತ್ತಾರೆ. ಕೊನೆಗೆ ಹತ್ತಿರದ ಒಂದು ಗ್ರಂಥಾಲಯಕ್ಕೆ ಹೋದೆ. ಅಲ್ಲಿನ ಗ್ರಂಥಪಾಲಕರು ಒಳ್ಳೆಯವರು. ಪೂರ್ತಿ ಕೇಳಿಸಿಕೊಂಡರು. ಆಮೇಲೆ, 'ಮೇಲಿಂದ ಒಂದು ಲಿಖಿತ ಆದೇಶ ತನ್ನಿ ಮೇಡಂ. ಕುರ್ಚಿ ನಾನೇ ಹಾಕಿಸ್ತೀನಿ' ಅಂದರು. ಆ ಆದೇಶ ಕೇಳುವುದಕ್ಕೇ ಈ ಪತ್ರ.

ಇದು ಉಪಕಾರ ಮಾಡಿ ಅಂತ ಕೇಳುವ ಮಾತೂ ಅಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಅಡಿಯಲ್ಲಿ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಾ ಬಂದಿದ್ದೇವೆ. ಬಾಡಿಗೆದಾರರೂ ಬಾಡಿಗೆಯಲ್ಲಿ ಅದನ್ನು ಕಟ್ಟಿದ ಹಾಗೆಯೇ. ಈ ಕೋಣೆಗಳಿಗೆ ದುಡ್ಡು ಹಾಕಿದವರು ಊರಿನ ಜನ. ಎಲ್ಲ ಪಕ್ಷದ ಜನ.

ನೀವು ಯಾವುದಾದರೂ ಶಾಖಾ ಗ್ರಂಥಾಲಯಕ್ಕೆ ಬೆಳಿಗ್ಗೆ ಹೊತ್ತು ಹೋಗಿ ನೋಡಿ. ಉದ್ದನೆಯ ಮೇಜು. ಅದರ ಮೇಲೆ ನಾಲ್ಕೈದು ಪತ್ರಿಕೆಗಳು, ಹಾಳೆ ಹಾಳೆ ಬೇರೆಯಾಗಿರುತ್ತವೆ. ಮುಖಪುಟ ಒಬ್ಬರ ಕೈಯಲ್ಲಿ, ಸಂಪಾದಕೀಯ ಇನ್ನೊಬ್ಬರ ಕೈಯಲ್ಲಿ, ಕ್ರೀಡಾಪುಟ ಕಾಂಪಿಟೇಟಿವ್ ಪರೀಕ್ಷೆಗೆ ಓದುವ ಹುಡುಗನ ಕೈಯಲ್ಲಿ. 'ಸಾರ್, ಅದು ಮುಗೀತಾ?' ಅಂತ ಕೈ ಚಾಚುತ್ತಾರೆ. ಒಂದು ಪತ್ರಿಕೆಗೆ ಸರ್ಕಾರ ಸರಿ, ಇನ್ನೊಂದಕ್ಕೆ ಸರ್ಕಾರ ತಪ್ಪು. ಎರಡನ್ನೂ ಅದೇ ಜನ ಓದುತ್ತಾರೆ, ಒಂದೇ ಮೇಜಿನಲ್ಲಿ, ಮೊಣಕೈಗೆ ಮೊಣಕೈ ತಾಗಿಸಿಕೊಂಡು. ಓದಿದ್ದರ ಬಗ್ಗೆ ಮಾತ್ರ ಒಂದಕ್ಷರ ಆಡುವುದಿಲ್ಲ. ಗೋಡೆ ಮೇಲೆ 'ನಿಶ್ಶಬ್ದ' ಅಂತ ಬೋರ್ಡಿದೆ. ಓದುವ ಹೊತ್ತಿನಲ್ಲಿ ಆ ಬೋರ್ಡು ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ತಿಂಗಳಲ್ಲಿ ಎರಡು ಗಂಟೆ ಮಾತ್ರ ಅದನ್ನು ತಿರುಗಿಸಿ ಇಡಿ ಅಂತ ಕೇಳುತ್ತಿದ್ದೇನೆ.

ಮಾತು ಕೆಟ್ಟಿದೆ ಅನ್ನುವುದು ಎಲ್ಲರಿಗೂ ಗೊತ್ತು. ಮನೆಮಂದಿಯ ವಾಟ್ಸ್ಯಾಪ್ ಗ್ರೂಪಿನಲ್ಲಿ ಚುನಾವಣೆ ಬಂತೆಂದರೆ ಒಬ್ಬರಾದರೂ 'ಲೆಫ್ಟ್' ಆಗುತ್ತಾರೆ. ಬಡಾವಣೆಯ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕಬಹುದು. ಟಿವಿಯಲ್ಲಿ ಎಂಟು ಕಿಟಕಿಗಳಲ್ಲಿ ಎಂಟು ಮುಖ ಒಟ್ಟಿಗೆ ಕೂಗುತ್ತವೆ. ಮದುವೆ ಮನೆಯಲ್ಲಿ ಅಣ್ಣ ತಮ್ಮ ಒಂದೇ ಪಂಕ್ತಿಯಲ್ಲಿ ಕೂರದೆ ತಪ್ಪಿಸಿಕೊಳ್ಳುವುದನ್ನೂ ನೋಡಿದ್ದೇನೆ. ಆಸ್ತಿ ಜಗಳವಲ್ಲ, ಪಕ್ಷದ ಜಗಳ. ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ: 'ಸುಮ್ನೆ ಯಾಕೆ ರಾಜಕೀಯ, ಬಿಡಿ.' ಇದನ್ನು ನಾನು ಒಪ್ಪುವುದಿಲ್ಲ. ಮಾತು ಬಿಟ್ಟರೆ ಅಭಿಪ್ರಾಯ ಬಿಟ್ಟುಹೋಗುವುದಿಲ್ಲ. ಅದು ಒಳಗೇ ಕೂತು ಇನ್ನಷ್ಟು ಗಟ್ಟಿಯಾಗುತ್ತದೆ. ಎದುರಿನವರು ಹೀಗೇ ಅಂತ ನಾವೇ ಒಂದು ಚಿತ್ರ ಬರೆದುಕೊಂಡು ಅದರ ಜೊತೆ ಗುದ್ದಾಡುತ್ತೇವೆ.

ಹಾಗಾದರೆ ಹಿಂದೆ ಜನ ಒಳ್ಳೆಯವರಿದ್ದರು, ಈಗ ಕೆಟ್ಟಿದ್ದಾರೆ ಅಂತಲೇ? ನನಗೆ ಹಾಗೆ ಅನ್ನಿಸುವುದಿಲ್ಲ.

ನಮ್ಮಪ್ಪ ದೂರವಾಣಿನಗರದಲ್ಲಿ ಟೆಲಿಫೋನ್ ತಯಾರಿಸುವ ಐಟಿಐ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಸುಕಿನಲ್ಲೇ ಫ್ಯಾಕ್ಟರಿ ಬಸ್ ಬರುತ್ತಿತ್ತು. ಅಪ್ಪ ಕೆಂಬಾವುಟದ ಯೂನಿಯನ್. ಪಕ್ಕದ ಸೀಟಿನಲ್ಲಿ ಕೂರುತ್ತಿದ್ದವರನ್ನು ನಾವು ಮಕ್ಕಳು ಮಾವ ಅಂತಲೇ ಕರೆಯುತ್ತಿದ್ದೆವು. ಅವರು ಆರೆಸ್ಸೆಸ್ ಶಾಖೆಗೆ ಹೋಗುತ್ತಿದ್ದವರು. ಒಬ್ಬರ ಕೈಯಲ್ಲಿ ಒಂದು ಪತ್ರಿಕೆ, ಇನ್ನೊಬ್ಬರ ಕೈಯಲ್ಲಿ ಇನ್ನೊಂದು. ಅರ್ಧ ದಾರಿಯಲ್ಲಿ ಬದಲಾಯಿಸಿಕೊಳ್ಳುತ್ತಿದ್ದರಂತೆ. ಟಿನ್ ಫ್ಯಾಕ್ಟರಿ ಬರುವ ಹೊತ್ತಿಗೆ ಇಬ್ಬರ ದನಿಯೂ ಏರಿರುತ್ತಿತ್ತು ಅಂತ ಅಪ್ಪ ಹೇಳುತ್ತಿದ್ದರು. 1980ರ ಡಿಸೆಂಬರಿನಲ್ಲಿ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರ ಶುರುವಾಯಿತು. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್, ಎಲ್ಲ ಕಡೆ ಕೆಲಸ ನಿಂತಿತು. 77 ದಿನ ನಡೆದ ಮುಷ್ಕರ ಅದು. ಸಂಬಳ ಇಲ್ಲ. ಎಷ್ಟು ದಿನ ಎಳೆಯಬೇಕು ಅನ್ನುವುದರ ಬಗ್ಗೆ ಇಬ್ಬರಿಗೂ ತಿಕ್ಕಾಟ. ನಮ್ಮ ಮನೆ ಜಗಲಿ ಮೇಲೆ ಒಂದು ಸಂಜೆ ಜೋರು ಜಗಳವಾಯಿತು. ಅಪ್ಪ ಒಂದು ಕೆಟ್ಟ ಮಾತು ಹೇಳಲು ಬಾಯಿ ತೆರೆದವರು ಅಲ್ಲೇ ನುಂಗಿಕೊಂಡರು. ಆವತ್ತು ಬೆಳಿಗ್ಗೆ ಆ ಮಾವ ಊರಿಂದ ತಂದ ರಾಗಿಯಲ್ಲಿ ಅರ್ಧ ನಮ್ಮ ಮನೆಗೆ ಸುರಿದು ಹೋಗಿದ್ದರು.

ಅಪ್ಪನಾಗಲಿ, ಮಾವನಾಗಲಿ ವಿಶೇಷ ಸಹನೆಯ ಜನ ಅಲ್ಲ. ಅಪ್ಪನ ಸಿಟ್ಟು ನಮ್ಮ ಬೀದಿಗೇ ಗೊತ್ತಿತ್ತು. ಅವರನ್ನು ಹಿಡಿದಿಟ್ಟಿದ್ದು ಬೇರೆಯದೇ. ಮುಷ್ಕರ ಮುಗಿದ ಮೇಲೆ ಅದೇ ಬಸ್ಸು, ಅದೇ ಸೀಟು, ಅದೇ ಮನುಷ್ಯ. ನಾಳೆ ಮತ್ತೆ ಮುಖ ನೋಡಬೇಕು. ನಾಳೆ ಮುಖ ನೋಡಬೇಕಾದವರಿಗೆ ಸುಳ್ಳು ಹೇಳುವುದು ಕಷ್ಟ, ಅವರ ಮಾತನ್ನು ತಿರುಚುವುದೂ ಕಷ್ಟ. ತಿರುಚಿದರೆ 'ನಾನು ಹಾಗೆ ಹೇಳಲೇ ಇಲ್ಲವಲ್ಲ' ಅಂತ ಅವರು ಪಕ್ಕದಲ್ಲೇ ಕೂತಿರುತ್ತಾರೆ.

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಪ್ರಾಮಾಣಿಕವಾಗಿ ಮಾತಾಡಿ ಅಂತ ಜನರಿಗೆ ಉಪದೇಶ ಮಾಡಿ ಪ್ರಯೋಜನವಿಲ್ಲ. ಮತ್ತೆ ಮತ್ತೆ ಮುಖಾಮುಖಿ ಆಗಲೇಬೇಕಾದ ಜಾಗ ಕೊಟ್ಟರೆ ಅರ್ಧ ಪ್ರಾಮಾಣಿಕತೆ ತಾನಾಗೇ ಬರುತ್ತದೆ. ಈ ಊರಿನಲ್ಲಿ ಅಂಥ ಜಾಗಗಳು ಒಂದೊಂದಾಗಿ ಹೋದವು. ಫ್ಯಾಕ್ಟರಿ ಬಸ್ ಹೋಯಿತು, ಜಗಲಿ ಹೋಯಿತು, ಕೂತು ಕಾಫಿ ಕುಡಿಯುವ ಹೋಟೆಲುಗಳು ಬೆರಳೆಣಿಕೆಯಷ್ಟು ಉಳಿದವು. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೂ ಇರಲಿಲ್ಲ. ಮೋರಿ ವಿಷಯಕ್ಕಾದರೂ ಬೀದಿಯವರೆಲ್ಲ ಒಬ್ಬರ ಮನೆ ಮುಂದೆ ಸೇರುತ್ತಿದ್ದೆವಲ್ಲ, ಅದೂ ನಿಂತಿತು.

ಮಹಡಿ ಮೇಲಿನ ಒಂದು ಸಂಜೆಯ ಬಗ್ಗೆ ಹೇಳಬೇಕು. ವಿಷಯ: ಶಕ್ತಿ ಯೋಜನೆ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಅಂತ ಆಯಿತಲ್ಲ, ಅದರ ಬಗ್ಗೆ. ಇಂಜಿನಿಯರ್ ಸಾಹೇಬರು ವಿರೋಧ, ಗಾರ್ಮೆಂಟ್ಸ್ ಅಕ್ಕ ಪರ. ನಮ್ಮ ಕಟ್ಟುಪಾಡು ಏನೆಂದರೆ, ಉತ್ತರ ಕೊಡುವ ಮೊದಲು ಎದುರಿನವರ ಮಾತನ್ನು ಅವರು ಒಪ್ಪುವ ಹಾಗೆ ಹೇಳಬೇಕು. ಅವರು 'ಹೌದು, ನಾನು ಹೇಳಿದ್ದು ಅದೇ' ಅನ್ನುವವರೆಗೆ ನಮ್ಮ ಸರದಿ ಬರುವುದಿಲ್ಲ.

ಅಕ್ಕ ಶುರು ಮಾಡಿದರು. 'ಸಾರ್, ನೀವು ಹೇಳೋದು ಇಷ್ಟೇ ಅಲ್ವಾ? ದುಡ್ಡಿರೋ ಹೆಂಗಸರಿಗೂ ಯಾಕೆ ಫ್ರೀ ಕೊಡ್ಬೇಕು ಅಂತ.'

'ಅದು ಅರ್ಧ. ಇನ್ನರ್ಧ ಕೇಳಿ. ಟಿಕೆಟ್ ದುಡ್ಡು ಸರ್ಕಾರ ಸರಿಯಾದ ಟೈಮಿಗೆ ನಿಗಮಕ್ಕೆ ಕೊಡದೆ ಇದ್ದರೆ ಹಳೇ ಬಸ್ ಬದಲಾಯಿಸೋಕೆ ಆಗಲ್ಲ. ನಾಳೆ ಬಸ್ಸೇ ಬರಲಿಲ್ಲ ಅಂದ್ರೆ ಮೊದಲು ಕಷ್ಟ ಆಗೋದು ನಿಮಗೇ.'

ಅಕ್ಕ ಅದನ್ನೂ ಸೇರಿಸಿ ಹೇಳಿದರು. ಸಾಹೇಬರು ತಲೆಯಾಡಿಸಿದರು. ಈಗ ಅವರ ಸರದಿ.

'ನಿಮಗೆ ತಿಂಗಳಿಗೆ ಬಸ್ ಚಾರ್ಜ್ ಉಳೀತಾ ಇದೆ. ಆ ದುಡ್ಡು ಮಕ್ಕಳ ಖರ್ಚಿಗೆ ಆಗತ್ತೆ. ಸರೀನಾ?'

'ದುಡ್ಡು ಆಮೇಲೆ ಸಾರ್. ಮೊದಲೆಲ್ಲ ನಮ್ಮಮ್ಮನ ಮನೆಗೆ ಹೋಗ್ಬೇಕು ಅಂದ್ರೂ ಚಾರ್ಜಿಗೆ ಮನೆಯವರ ಹತ್ರ ಕೇಳ್ಬೇಕಿತ್ತು. ಯಾಕೆ, ಎಷ್ಟು ಹೊತ್ತು, ಯಾವಾಗ ಬರ್ತೀಯ. ಈಗ ಆಧಾರ್ ಇಟ್ಕೊಂಡು ಹತ್ತಿ ಹೋಗ್ತೀನಿ. ಕೇಳೋದು ತಪ್ತು.'

ಸಾಹೇಬರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, 'ಇದು ನನ್ನ ಲೆಕ್ಕದಲ್ಲಿ ಇರ್ಲಿಲ್ಲ' ಅಂದರು.

ಅವರು ಯೋಜನೆಯನ್ನು ಒಪ್ಪಿಕೊಳ್ಳಲಿಲ್ಲ. ಇವತ್ತಿಗೂ ಒಪ್ಪಿಲ್ಲ. ಎಲ್ಲರಿಗೂ ಕೊಡುವ ಬದಲು ಆದಾಯ ನೋಡಿ ಕೊಡಲಿ ಅನ್ನುತ್ತಾರೆ. ಆದಾಯ ನೋಡಿ ಕೊಡಲು ಹೋದರೆ ಕಾರ್ಡು ತೋರಿಸಲು ಆಗದ ಬಡವರೇ ಮೊದಲು ಹೊರಗೆ ಉಳಿಯುತ್ತಾರೆ ಅನ್ನುತ್ತಾರೆ ಅಕ್ಕ. ನನಗೆ ಅಕ್ಕನ ಮಾತೇ ಸರಿ ಅನ್ನಿಸುತ್ತದೆ. ಆದರೆ ಬಸ್ ನಿಗಮಗಳಿಗೆ ಕೊಡಬೇಕಾದ ದುಡ್ಡಿನ ವಿಷಯದಲ್ಲಿ ಸಾಹೇಬರು ಎತ್ತಿದ ಪ್ರಶ್ನೆ ಗಟ್ಟಿ ಪ್ರಶ್ನೆ. ಆವತ್ತಿನಿಂದ ಅಕ್ಕನೂ ಅದನ್ನೇ ಕೇಳುತ್ತಾರೆ. 'ಬಿಟ್ಟಿ ಭಾಗ್ಯ' ಅಂತ ಒಬ್ಬರು, 'ಹೆಂಗಸರನ್ನು ಕಂಡರಾಗದವರು' ಅಂತ ಇನ್ನೊಬ್ಬರು ಬೈದಾಡಿದ್ದರೆ ಈ ಎರಡರಲ್ಲಿ ಒಂದೂ ಹೊರಗೆ ಬರುತ್ತಿರಲಿಲ್ಲ.

ಎದುರಾಳಿಯ ಮಾತನ್ನು ಪೂರ್ತಿ ಬಲದೊಡನೆ ಹೇಳುವುದು ನಮಗೆ ಹೊಸ ವಿದ್ಯೆ ಏನಲ್ಲ. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದವರು ನಡೆಸುವ ತಾಳಮದ್ದಳೆಗೆ ಒಮ್ಮೆ ಹೋಗಿ ನೋಡಿ. ವೇಷ ಇಲ್ಲ, ಕುಣಿತ ಇಲ್ಲ. ಹಾಡುವ ಭಾಗವತರ ಪದ ಮುಗಿದ ಮೇಲೆ, ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಕೂತಲ್ಲೇ ಮಾತಿಗೆ ಇಳಿಯುತ್ತಾರೆ. ಬರೆದಿಟ್ಟ ಸಂಭಾಷಣೆ ಅಂತ ಇರುವುದಿಲ್ಲ. ವಾಲಿವಧೆಯ ಪ್ರಸಂಗದಲ್ಲಿ ಇವತ್ತು ವಾಲಿಯಾಗಿ 'ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ?' ಅಂತ ರಾಮನನ್ನು ಕೇಳಿದವರು ಇನ್ನೊಂದು ಕೂಟದಲ್ಲಿ ರಾಮನಾಗಿ ಅದೇ ಪ್ರಶ್ನೆಗೆ ಉತ್ತರ ಕೊಡಬೇಕಾಗಬಹುದು. ವಾಲಿಯ ಮಾತು ಪೇಲವವಾದರೆ ರಾಮನ ಮಾತೂ ಕಳೆಗಟ್ಟುವುದಿಲ್ಲ, ಕೂಟವೇ ಸಪ್ಪೆ. ರಾತ್ರಿಯಿಡೀ ಕೂತು ಇದನ್ನು ಕೇಳುವ ಭಕ್ತರಿಗೆ ರಾಮನ ಮೇಲಿನ ಭಕ್ತಿ ಒಂದು ಚೂರೂ ಕಮ್ಮಿಯಾಗುವುದಿಲ್ಲ. ದೇವರನ್ನೇ ಎದುರು ಕೂರಿಸಿಕೊಂಡು ಪ್ರಶ್ನೆ ಕೇಳುವ ಜನ ನಾವು. ಒಂದು ಪಕ್ಷದ ನಾಯಕರ ಬಗ್ಗೆ ಪ್ರಶ್ನೆ ಬಂದರೆ ಯಾಕೆ ಮೈಮೇಲೆ ಬಿಸಿನೀರು ಬಿದ್ದ ಹಾಗೆ ಆಡಬೇಕು?

ಬೆಂಗಳೂರಿನದ್ದೇ ಮಾತು ಹೇಳುವುದಾದರೆ ಡಿ.ವಿ. ಗುಂಡಪ್ಪನವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ. ರಾಜ್ಯದ ವಿಚಾರವನ್ನು ಸಾಮಾನ್ಯ ಜನ ಓದಿ, ಕೂತು ಚರ್ಚಿಸುವುದನ್ನು ಕಲಿಯಬೇಕು ಅನ್ನುವುದು ಅವರ ಹಂಬಲ. ಸಂಸ್ಥೆ ಇವತ್ತಿಗೂ ಇದೆ. ಅಂಥದ್ದು ಊರಿಗೆ ಒಂದಿದ್ದರೆ ಸಾಕೇ? ಯಲಹಂಕದವರು, ಕೆಂಗೇರಿಯವರು, ವೈಟ್‌ಫೀಲ್ಡಿನವರು ಈ ಟ್ರಾಫಿಕ್ಕಿನಲ್ಲಿ ಎಲ್ಲಿಗೆ ಅಂತ ಬರುತ್ತಾರೆ? ನಡೆದು ಹೋಗುವ ದೂರದಲ್ಲಿ ಬೇಕು. ನಡೆದು ಹೋಗುವ ದೂರದಲ್ಲಿ ಇದ್ದರೆ ಮಾತ್ರ ಅದೇ ಜನ ಮತ್ತೆ ಬರುತ್ತಾರೆ.

'ಮಾತಾಡಲು ಫ್ರೀಡಂ ಪಾರ್ಕ್ ಇದೆಯಲ್ಲ' ಅಂತ ಒಬ್ಬರು ಕೇಳಿದರು. ಇದೆ. 2021ರಲ್ಲಿ ಪೊಲೀಸ್ ಆದೇಶ ಬಂದು, 2022ರಲ್ಲಿ ಅದನ್ನು ಕಟ್ಟುನಿಟ್ಟಾಗಿ ಜಾರಿ ಮಾಡಿ ಅಂತ ಹೈಕೋರ್ಟ್ ಹೇಳಿದ ಮೇಲೆ, ನಗರದಲ್ಲಿ ಪ್ರತಿಭಟನೆ ಮಾಡಬೇಕೆಂದರೆ ಅಲ್ಲೇ ಮಾಡಬೇಕು. ಅದು ಸರಿಯೋ ತಪ್ಪೋ ಅನ್ನುವ ವಾದ ಬೇರೆ. ನಾನು ಹೇಳುವುದು ಇಷ್ಟೇ: ಪ್ರತಿಭಟನೆಯಲ್ಲಿ ನಾವು ಸರ್ಕಾರದ ಕಡೆ ಮುಖ ಮಾಡಿ ನಿಂತಿರುತ್ತೇವೆ. ಪಕ್ಕದ ಮನೆಯವರ ಕಡೆ ಮುಖ ಮಾಡಿ ಕೂರುವ ಜಾಗ ನಮಗಿಲ್ಲ.

ಆ ಪಾರ್ಕಿನ ಜಾಗಕ್ಕೆ ಇನ್ನೊಂದು ಕತೆಯಿದೆ. ಅದು ಹಳೆಯ ಸೆಂಟ್ರಲ್ ಜೈಲು. 1975ರ ಜೂನ್‌ನಲ್ಲಿ ಸಂಸತ್ತಿನ ಸಮಿತಿ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ್ ಮಿಶ್ರಾ ಇಲ್ಲೇ ಬಂಧನಕ್ಕೊಳಗಾಗಿ ಆ ಜೈಲು ಸೇರಿದರು. ಇಬ್ಬರು ಜನಸಂಘ, ಒಬ್ಬರು ಸಮಾಜವಾದಿ, ಒಬ್ಬರು ಇಂದಿರಾ ಗಾಂಧಿ ವಿರೋಧಿ ಬಣವಾದ ಸಂಸ್ಥಾ ಕಾಂಗ್ರೆಸ್. ದೇವೇಗೌಡರೂ ತುರ್ತು ಪರಿಸ್ಥಿತಿಯಲ್ಲಿ ಅಲ್ಲೇ ಇದ್ದರು. ಹೊರಗೆ ಪರಸ್ಪರ ಎದುರು ನಿಂತಿದ್ದ ಪಕ್ಷಗಳ ಜನ ಒಂದೇ ಗೋಡೆಯೊಳಗೆ ಬಿದ್ದರು. 1977ರಲ್ಲಿ ಆ ಪಕ್ಷಗಳು ಸೇರಿ ಜನತಾ ಸರ್ಕಾರ ಬಂತು. ಎರಡೂವರೆ ವರ್ಷದೊಳಗೆ ಅದು ಮುರಿದೂ ಬಿತ್ತು. ಜೊತೆಗಿದ್ದವರು ಒಂದೇ ಆಗಿಬಿಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಒಂದಾಗಬೇಕಾದ ಅಗತ್ಯವೂ ಇಲ್ಲ. ಅವರ ಭಿನ್ನಾಭಿಪ್ರಾಯ ನಿಜವಾದದ್ದೇ ಇತ್ತು. ಆದರೆ ಬೇರೆ ಪಕ್ಷದವರ ಜೊತೆ ಕೂತು ಮಾತಾಡಲು ಜೈಲಿಗೇ ಹೋಗಬೇಕು ಅಂತ ಆಗಬಾರದು.

ಈಗ ಕಷ್ಟದ ವಿಷಯಕ್ಕೆ ಬರುತ್ತೇನೆ. ಇದನ್ನು ಬಿಟ್ಟು ಬರೆದರೆ ಈ ಪತ್ರಕ್ಕೆ ಅರ್ಥ ಇರುವುದಿಲ್ಲ.

ಒಮ್ಮೆ ಮಹಡಿ ಮೇಲೆ ಮೀಸಲಾತಿಯ ಮಾತು ಬಂತು. ಸಾಫ್ಟ್‌ವೇರ್ ಹುಡುಗರಲ್ಲಿ ಒಬ್ಬ 'ಈ ಕಾಲದಲ್ಲಿ ಸಿಟೀಲಿ ಜಾತಿ ಎಲ್ಲಿದೆ?' ಅಂತ ಕೇಳಿದ. ಕೆಟ್ಟ ಉದ್ದೇಶದಿಂದ ಕೇಳಲಿಲ್ಲ. ಅವನಿಗೆ ಕಂಡಿರಲಿಲ್ಲ, ಕೇಳಿದ. ಎದುರಿಗಿದ್ದ ಇನ್ನೊಬ್ಬ ಹುಡುಗ ದಲಿತರ ಮನೆಯವನು. ಅವನು ಹೇಳಿದ: 'ಮನೆ ಬಾಡಿಗೆಗೆ ನೋಡೋಕೆ ಹೋದಾಗ ಅಡ್ವಾನ್ಸ್ ಮಾತಾಗಿ, ಕೀ ಕೊಡೋ ಹೊತ್ತಲ್ಲಿ ನೀವು ಯಾವ ಜನ ಅಂತಾರೆ. ಹೇಳಿದ ಮೇಲೆ ನಾಳೆ ಫೋನ್ ಮಾಡ್ತೀವಿ ಅಂತಾರೆ. ನಿಂಗೆ ಇದು ಡಿಬೇಟು. ನಂಗೆ ಇದು ಅಡ್ರೆಸ್ಸು.' ಆಮೇಲೆ ನನ್ನ ಕಡೆ ತಿರುಗಿ ಕೇಳಿದ: 'ಮೇಡಂ, ಇವನ ಮಾತನ್ನ ನಾನು ಪೂರ್ತಿ ಬಲದಿಂದ ಹೇಳ್ಬೇಕಾ? ನನಗೆ ಮನೆ ಕೊಡದೇ ಇರೋದಕ್ಕೆ ಕಾರಣ ನಾನೇ ಹುಡುಕಿ ಹೇಳ್ಬೇಕಾ?'

ಆ ಪ್ರಶ್ನೆಯನ್ನು ನಾವು ತಿಂಗಳುಗಟ್ಟಲೆ ಮಾತಾಡಿದೆವು. ಬಾಡಿಗೆ ಮನೆ ಹುಡುಕುವ ಮುಸ್ಲಿಮರ ಅನುಭವವೂ ಇದೇ. ಕೊನೆಗೆ ನಮಗೆ ಒಂದಿಷ್ಟು ಸ್ಪಷ್ಟವಾಯಿತು. ನೀತಿಯ ಬಗ್ಗೆ ವಾದ ಮಾಡಬಹುದು. ಮೀಸಲಾತಿ ಹೇಗಿರಬೇಕು, ಎಷ್ಟಿರಬೇಕು, ಒಳಮೀಸಲಾತಿ ಸರಿಯೇ, ಜಾತಿ ಸಮೀಕ್ಷೆ ಹೇಗೆ ಮಾಡಬೇಕು, ಎಲ್ಲವನ್ನೂ ಕೇಳಬಹುದು. ಎದುರಿಗೆ ಕೂತವರು ಮನುಷ್ಯರಾಗಿ ನಮಗೆ ಸಮಾನರೇ ಅನ್ನುವುದನ್ನು ಮಾತ್ರ ವಾದಕ್ಕೆ ಇಡುವಂತಿಲ್ಲ. ಸಂವಿಧಾನದ 14, 15, 17ನೇ ವಿಧಿಗಳು ಅದನ್ನು ಆಗಲೇ ಹೇಳಿ ಮುಗಿಸಿವೆ. ಅದು ನಾವು ಕೂರುವ ಚಾಪೆ. ಇನ್ನೊಂದು, ನೋವು ಉಂಡವರು ತಮ್ಮ ನೋವಿಗೆ ಸಾಕ್ಷಿ ಒದಗಿಸುತ್ತಾ ಎಲ್ಲರಿಗೂ ಪಾಠ ಹೇಳುವ ಹೊಣೆ ಹೊರಬೇಕಾಗಿಲ್ಲ. ಸುಮ್ಮನಿರುವ ಹಕ್ಕು ಅವರಿಗಿದೆ, ಎದ್ದು ಹೋಗುವ ಹಕ್ಕೂ ಇದೆ. ಕೇಳಿ ತಿಳಿದುಕೊಳ್ಳುವ ಕೆಲಸ ಗೊತ್ತಿಲ್ಲದವರದ್ದು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಎಚ್ಚರಿಸಿದ್ದು ಇದರ ಬಗ್ಗೆಯೇ. ರಾಜಕೀಯದಲ್ಲಿ ಒಬ್ಬರಿಗೆ ಒಂದು ಓಟು ಅಂತ ಸಮಾನತೆ ಬರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಹಾಗೇ ಉಳಿಯುತ್ತದೆ, ಈ ವಿರೋಧಾಭಾಸವನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಅಂತ ಕೇಳಿದ್ದರು. ಎಲ್ಲರೂ ಒಂದೇ ಎತ್ತರದಲ್ಲಿ ಕೂತಿದ್ದಾರೆ ಅಂದುಕೊಂಡು 'ಎರಡೂ ಕಡೆ ಕೇಳೋಣ' ಅನ್ನುವವರನ್ನು ಕಂಡರೆ ನನಗೂ ಕಸಿವಿಸಿ ಆಗುತ್ತದೆ. ಆದರೂ ಕೂರಬೇಕು ಅನ್ನುತ್ತೇನೆ. ಯಾಕೆಂದರೆ 'ಸಿಟೀಲಿ ಜಾತಿ ಎಲ್ಲಿದೆ' ಅಂತ ಕೇಳಿದ ಹುಡುಗ ಆಮೇಲೆ ತನ್ನ ಸ್ವಂತ ಚಿಕ್ಕಪ್ಪನ ಹತ್ತಿರ ಜಗಳವಾಡಿ, ಮೇಲಿನ ಮನೆಯನ್ನು ಜಾತಿ ಕೇಳದೆ ಬಾಡಿಗೆಗೆ ಕೊಡಿಸಿದ. ಮೀಸಲಾತಿಯ ಬಗ್ಗೆ ಅವನ ತಕರಾರು ಇನ್ನೂ ಇದೆ. ಅದಿರಲಿ. ಕೀಲಿ ಕೊಟ್ಟನಲ್ಲ.

ಎಲ್ಲವೂ ಹೀಗೆ ನಡೆಯಲಿಲ್ಲ. ಧ್ವನಿವರ್ಧಕದ ವಿಷಯ ಬಂದ ದಿನ ಮಾತು ಕೈಮೀರಿತು. ಒಬ್ಬರು ಎದ್ದು ಹೋದವರು ಮತ್ತೆ ಬರಲೇ ಇಲ್ಲ. ಬೀದಿಯಲ್ಲಿ ಸಿಕ್ಕರೆ ಈಗಲೂ ಮುಖ ತಿರುಗಿಸುತ್ತಾರೆ. ಇಂಥದ್ದು ಗ್ರಂಥಾಲಯದಲ್ಲೂ ಆಗುತ್ತದೆ. ಮೊದಲೇ ಹೇಳಿಬಿಡುವುದು ನ್ಯಾಯ.

ಅಧಿಕಾರಿಗಳಿಗೆ ಇಲ್ಲೇ ಭಯ ಇರುವುದು ಅಂತ ನನಗೆ ಗೊತ್ತು. ಗಲಾಟೆ ಆದರೆ ಯಾರು ಹೊಣೆ? ವಿಡಿಯೊ ಹರಿದಾಡಿದರೆ ಯಾರನ್ನು ಕೇಳುತ್ತಾರೆ? ಆಡಳಿತ ಪಕ್ಷದ ವಿರುದ್ಧ ಮಾತಾಡಿದರು ಅಂತ ಶಾಸಕರ ಕಚೇರಿಯಿಂದ ಫೋನ್ ಬಂದರೆ? ಈ ಭಯಗಳನ್ನು ನಾನು ಹಗುರವಾಗಿ ನೋಡುವುದಿಲ್ಲ. ಅದಕ್ಕೇ ಹೊಣೆಯನ್ನು ಗ್ರಂಥಪಾಲಕರ ಮೇಲೆ ಬಿಡಬೇಡಿ. ಆದೇಶ ಮೇಲಿನಿಂದ ಬರಲಿ, ಎಲ್ಲ ಶಾಖೆಗಳಿಗೂ ಒಂದೇ ಥರ ಬರಲಿ. ಶಾಂತಿಯಿಂದ ಸೇರಿ ಮಾತಾಡುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು ಅಂತ ಅದರಲ್ಲೇ ಬರೆಯಿರಿ. ಯಾರೋ ಫೋನ್ ಮಾಡಿದರೆ ಗ್ರಂಥಪಾಲಕರು ಆ ಕಾಗದ ತೋರಿಸಲಿ.

ನಮ್ಮ ಅನುಭವದಲ್ಲಿ ಜಾಸ್ತಿ ಉಪಯೋಗಕ್ಕೆ ಬಂದ ಕಟ್ಟುಪಾಡು ಮೊಬೈಲಿನದ್ದು. ಬಾಗಿಲ ಹತ್ತಿರ ಒಂದು ಬುಟ್ಟಿ, ಎಲ್ಲರ ಫೋನೂ ಅದರೊಳಗೆ. ಒಂದು, ರೆಕಾರ್ಡ್ ಆಗುವುದಿಲ್ಲ ಅಂತ ಗೊತ್ತಾದರೆ ಜನ ಕ್ಯಾಮೆರಾಕ್ಕೆ ಮಾತಾಡುವುದನ್ನು ಬಿಟ್ಟು ಎದುರಿನವರಿಗೆ ಮಾತಾಡುತ್ತಾರೆ. ಎರಡು, ಫಾರ್ವರ್ಡ್ ತೆಗೆದು 'ನೋಡಿ ಇಲ್ಲಿದೆ' ಅನ್ನಲು ಆಗುವುದಿಲ್ಲ. ತಾನು ನೋಡಿದ್ದು, ತಾನು ಓದಿದ್ದು, ಇಷ್ಟೇ ಉಳಿಯುತ್ತದೆ. ಲೆಕ್ಕ, ಅಂಕಿಅಂಶದ ತಕರಾರು ಬಂದರೆ ಬರೆದಿಟ್ಟುಕೊಂಡು ಮುಂದಿನ ತಿಂಗಳಿಗೆ ಹುಡುಕಿಕೊಂಡು ಬರುವುದು. ಅದಕ್ಕೆ ಗ್ರಂಥಾಲಯಕ್ಕಿಂತ ಒಳ್ಳೆಯ ಜಾಗ ಯಾವುದಿದೆ? ಬಜೆಟ್ ಪುಸ್ತಕ, ಆಯೋಗಗಳ ವರದಿ, ಹಳೆಯ ಪತ್ರಿಕೆ, ಎಲ್ಲ ಅಲ್ಲೇ ಕೇಳಿ ತರಿಸಿಕೊಳ್ಳಬಹುದು.

ದೊಡ್ಡ ಸಮಾವೇಶ, ವೇದಿಕೆ, ಹಾರ, ಶಾಲು, ಮುಖ್ಯ ಅತಿಥಿ, ಇವು ಯಾವುದೂ ಬೇಡ. ವರ್ಷಕ್ಕೊಮ್ಮೆ 'ಸೌಹಾರ್ದ ಸಂವಾದ' ಅಂತ ಬ್ಯಾನರ್ ಕಟ್ಟಿ ಫೋಟೊ ತೆಗೆಸಿಕೊಂಡರೆ ಅದರಿಂದ ಏನೂ ಆಗುವುದಿಲ್ಲ. ಮುಂದಿನ ತಿಂಗಳು ಮತ್ತೆ ಬರುತ್ತಾರೆ ಅನ್ನುವುದೇ ಇದರ ಜೀವ.

ಇನ್ನು ನೆರೆಹೊರೆಯವರಿಗೆ. ಎಡದವರು, ಬಲದವರು, ಕನ್ನಡಪರ ಹೋರಾಟದವರು, ಬೇರೆ ಊರಿಂದ ಬಂದು ಈಗಷ್ಟೇ ಕನ್ನಡ ಕಲಿಯುತ್ತಿರುವವರು, ಯಾರಿಗೂ ಓಟು ಹಾಕುವುದಿಲ್ಲ ಅನ್ನುವವರು, ಎಲ್ಲರಿಗೂ ಹೇಳುತ್ತಿದ್ದೇನೆ. ಬಾಗಿಲು ತೆರೆದ ದಿನ ನಿಮ್ಮವರನ್ನೇ ಗುಂಪು ಕಟ್ಟಿಕೊಂಡು ಬರಬೇಡಿ. ನಿಮಗೆ ಆಗದವರೊಬ್ಬರನ್ನು ಜೊತೆಗೆ ಕರೆದುಕೊಂಡು ಬನ್ನಿ. ಬೇಕಾದರೆ ಸುರಂಗ ರಸ್ತೆಯಿಂದ ಶುರು ಮಾಡೋಣ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ನೆಲದಡಿ ರಸ್ತೆ ಬೇಕೋ, ಅದೇ ದುಡ್ಡಿಗೆ ಬಸ್ಸು ರೈಲು ಬೇಕೋ? ಆ ವಿಷಯದಲ್ಲಿ ಜಾತಿ, ಧರ್ಮ ಅಡ್ಡ ಬರುವುದು ಕಮ್ಮಿ. ಒಂದೇ ಪಕ್ಷದವರೇ ಎರಡು ಭಾಗವಾಗುತ್ತಾರೆ. ಕೈ ಪಳಗಲಿ. ಆಮೇಲೆ ಕಷ್ಟದ್ದಕ್ಕೆ ಹೋಗೋಣ.

ಆದೇಶದಲ್ಲಿ ಇಷ್ಟು ಇದ್ದರೆ ಸಾಕು: ತಿಂಗಳ ಎರಡನೇ ಭಾನುವಾರ ಸಂಜೆ 4ರಿಂದ 6ರವರೆಗೆ ಓದುವ ಕೋಣೆ ತೆರೆದಿರಬೇಕು. ಯಾವ ಪಕ್ಷದ ಬಾವುಟ, ಬ್ಯಾನರ್ ಒಳಗೆ ಬರಬಾರದು. ಯಾವ ಅಭಿಪ್ರಾಯದವರನ್ನೂ ಹೊರಗೆ ಇಡಬಾರದು. ಅಧ್ಯಕ್ಷತೆ ತಿಂಗಳಿಗೊಬ್ಬರದ್ದು, ಹೋದ ತಿಂಗಳು ಕೂತವರು ಈ ತಿಂಗಳು ಕೂರುವಂತಿಲ್ಲ. ಆ ಎರಡು ಗಂಟೆಗೆ ಸಿಬ್ಬಂದಿಗೆ ಓಟಿ ಕೊಡಬೇಕು, ಭಾನುವಾರ ಅವರನ್ನು ಪುಕ್ಕಟೆ ದುಡಿಸಬಾರದು. ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಂದರೆ ನಿಯಮದ ಪ್ರಕಾರ ಏನು ಮಾಡಬೇಕೋ ಮಾಡಿ, ಆದರೆ ಮುಗಿದ ಮರುತಿಂಗಳು ಮತ್ತೆ ತೆರೆಯಿರಿ.

ಮೊದಲು ಹತ್ತು ಶಾಖೆಗಳಲ್ಲಿ ಆರು ತಿಂಗಳು ನಡೆಸಿ ನೋಡಿ. ಐದು ನಗರಪಾಲಿಕೆಗಳಲ್ಲಿ ಎರಡೆರಡು. ಅದರಲ್ಲಿ ಒಂದನ್ನಾದರೂ ಗಾರ್ಮೆಂಟ್ಸ್ ಕಾರ್ಮಿಕರು ಜಾಸ್ತಿ ಇರುವ ಕಡೆ ಇಡಿ. ಅವರಿಗೆ ಬಿಡುವು ಇರುವುದು ಭಾನುವಾರ ಮಾತ್ರ. ರಾಜಾಜಿನಗರದ ಶಾಖೆಗೆ ಚಾಪೆ, ಕಾಫಿ, ಫೋನಿನ ಬುಟ್ಟಿ ನಾವು ತರುತ್ತೇವೆ. ಕೋಣೆ ಗುಡಿಸಿ, ಕುರ್ಚಿ ಇದ್ದಲ್ಲೇ ಇಟ್ಟು, ಬೀಗ ಹಾಕಿದ ಮೇಲೆ ಹೊರಡುತ್ತೇವೆ.

ಲಿಖಿತ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ರಾಜಾಜಿನಗರದ ಒಬ್ಬ ನಿವೃತ್ತ ಅಧ್ಯಾಪಕಿ
ಬೆಂಗಳೂರು